ಗುಟ್ಟಿಗೂ ಒಂದು ಗಡುವು ಬೇಡವೇ?

ಯೂರಿಯಾ ಚೀಲದ ಮೇಲಿನ ಅಕ್ಷರಗಳನ್ನು ಓದುವ ಅಭ್ಯಾಸವಿರುವ ರೈತರಿಗೆ ಹಜೀರಾ ಹೊಸ ಹೆಸರಲ್ಲ. ಕ್ರಿಬ್ಕೋದ ಗೊಬ್ಬರ ಕಾರ್ಖಾನೆ ಇರುವುದು ಅಲ್ಲೇ, ಸೂರತ್ ದಾಟಿ ತಾಪಿ ನದಿ ಸಮುದ್ರ ಸೇರುವ ಜಾಗದಲ್ಲಿ. ಗೊಬ್ಬರದ ಪಕ್ಕದಲ್ಲಿ ಉಕ್ಕು, ಅನಿಲ, ಪೆಟ್ರೋಕೆಮಿಕಲ್ಸ್, ಜೊತೆಗೆ ಎಲ್ ಆ್ಯಂಡ್ ಟಿ ಕಂಪನಿಯ ಭಾರೀ ಕಾರ್ಖಾನೆ. ಆ ಕಾರ್ಖಾನೆಯಿಂದ ಹೊರಬಂದ ಎರಡು ಸರಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ಸರ್ಕಾರಗಳು ಯಾವುದನ್ನು ಮುಚ್ಚಿಡುತ್ತವೆ, ಯಾವುದನ್ನು ಮೆರೆಸುತ್ತವೆ ಎನ್ನುವುದರ ಅಂದಾಜು ಸಿಗುತ್ತದೆ.

ಒಂದು, ಕೆ-9 ವಜ್ರ. ಟ್ಯಾಂಕಿನ ಹಾಗೆ ತಾನೇ ಓಡುವ, ಕೊರಿಯಾ ಮೂಲದ 155 ಮಿ.ಮೀ. ತೋಪು. 2017ರಲ್ಲಿ ನೂರು ತೋಪುಗಳಿಗೆ ಒಪ್ಪಂದವಾಯಿತು, ಬೆಲೆ ಸುಮಾರು 4,500 ಕೋಟಿ ರೂಪಾಯಿ. 2019ರ ಜನವರಿಯಲ್ಲಿ ಪ್ರಧಾನಿ ಹಜೀರಾಕ್ಕೆ ಹೋಗಿ ತೋಪನ್ನೇರಿ ಒಂದು ಸುತ್ತು ಬಂದರು, ಟಿ.ವಿ.ಗಳು ದಿನವಿಡೀ ತೋರಿಸಿದವು. ಮರುವರ್ಷ ರಕ್ಷಣಾ ಸಚಿವರು 51ನೇ ತೋಪಿಗೆ ಕುಂಕುಮವಿಟ್ಟು, ಕಾಯಿ ಒಡೆದು ಬೀಳ್ಕೊಟ್ಟರು. ಎಷ್ಟು, ಯಾವಾಗ, ಎಷ್ಟಕ್ಕೆ, ಎಲ್ಲವೂ ಬಹಿರಂಗ. 2024ರ ಡಿಸೆಂಬರಿನಲ್ಲಿ ಇನ್ನೂ ನೂರಕ್ಕೆ 7,628 ಕೋಟಿ ರೂಪಾಯಿಯ ಒಪ್ಪಂದವಾದಾಗ ಅದೂ ಪತ್ರಿಕಾ ಪ್ರಕಟಣೆಯಲ್ಲೇ ಬಂತು.

ಇನ್ನೊಂದು, ಅರಿಹಂತ್ ಅಣು ಜಲಾಂತರ್ಗಾಮಿಯ ಒಡಲು. ಅದರ ಭಾಗಗಳೂ ತಯಾರಾದದ್ದು ಹಜೀರಾದಲ್ಲೇ. ಅಲ್ಲಿಂದ ಅವನ್ನು ಜೋಡಿಸಿದ ವಿಶಾಖಪಟ್ಟಣಕ್ಕೆ ನೀರಿನ ದಾರಿಯಲ್ಲಿ ಸಾಗಬೇಕೆಂದರೆ ನಮ್ಮ ಕಾರವಾರ, ಮಂಗಳೂರು ದಾಟಿ ದಕ್ಷಿಣದ ತುದಿಯನ್ನು ಬಳಸಿ ಹೋಗಬೇಕು. ದಶಕಗಳ ಕಾಲ ಇಡೀ ಯೋಜನೆಗೆ ಇದ್ದ ಹೆಸರು ‘ಎಟಿವಿ’, ಅಂದರೆ ಅಡ್ವಾನ್ಸ್ಡ್ ಟೆಕ್ನಾಲಜಿ ವೆಸೆಲ್. ಯಾರಿಗೂ ಏನೂ ಹೊಳೆಯಬಾರದು ಎಂದೇ ಹುಡುಕಿ ಇಟ್ಟಂಥ ಹೆಸರು. 2009ರ ಜುಲೈ 26ರಂದು ಪ್ರಧಾನಿ ಮನಮೋಹನ್ ಸಿಂಗ್ ಅವರ ಪತ್ನಿ ಗುರುಶರಣ್ ಕೌರ್ ಕಾಯಿ ಒಡೆದು ಅದನ್ನು ನೀರಿಗಿಳಿಸುವವರೆಗೂ ಸರ್ಕಾರ ಹೆಚ್ಚೇನೂ ಬಾಯಿ ಬಿಚ್ಚಲಿಲ್ಲ. ಅದು ನೌಕಾಪಡೆಗೆ ಸೇರಿದ್ದು 2016ರಲ್ಲಿ, ಸದ್ದಿಲ್ಲದೆ. ಮುಂದೆ ಅವಘಡವೊಂದರಲ್ಲಿ ಅದಕ್ಕೆ ನೀರು ನುಗ್ಗಿ ತಿಂಗಳುಗಟ್ಟಲೆ ಕೆಟ್ಟು ನಿಂತಿತ್ತೆಂದು 2018ರ ಆರಂಭದಲ್ಲಿ ಪತ್ರಿಕೆಗಳು ಬರೆದವು, ಸರ್ಕಾರದಿಂದ ವಿವರ ಬರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮೊದಲ ಗಸ್ತು ಮುಗಿಸಿ ಬಂದಾಗ ಮಾತ್ರ ಪ್ರಧಾನಿಯೇ ಘೋಷಿಸಿದರು.

ಒಡಲಿನ ಉಕ್ಕು ಎಂಥದ್ದು, ಎಷ್ಟು ಆಳಕ್ಕೆ ಇಳಿಯುತ್ತದೆ, ಎಷ್ಟು ಸದ್ದು ಮಾಡುತ್ತದೆ ಎಂದು ಕೇಳುವ ಹಕ್ಕು ನನಗಿದೆ ಎಂದು ನಾನು ಭಾವಿಸಿಲ್ಲ. ಕೇಳಲೂಬಾರದು. ಬೇಹುಗಾರಿಕೆ ಸಿನಿಮಾದ ಕಥೆಯಲ್ಲ. 2019ರ ಕೊನೆಯಲ್ಲಿ ವಿಶಾಖಪಟ್ಟಣದ ಬೇಹುಗಾರಿಕೆ ಪ್ರಕರಣವೊಂದರಲ್ಲಿ ಸೆರೆಸಿಕ್ಕಿದವರು ನೌಕಾಪಡೆಯ ಕಿರಿಯ ಸಿಬ್ಬಂದಿ. ಫೇಸ್‌ಬುಕ್ಕಿನಲ್ಲಿ ಗೆಳತಿಯಾಗಿ ಬಂದವಳಿಗೆ ಹಡಗುಗಳ ಓಡಾಟ ತಿಳಿಸಿದ ಆರೋಪ ಅವರ ಮೇಲೆ. ಹಾಗೆಂದು ಗುಟ್ಟು ರಟ್ಟಾಗುವುದೆಲ್ಲ ಪ್ರಶ್ನೆ ಕೇಳುವ ಜನರಿಂದಲೇ ಎಂಬುದೂ ಸುಳ್ಳು. ಮುಂಬೈಯಲ್ಲಿ ಕಟ್ಟುತ್ತಿದ್ದ ಸ್ಕಾರ್ಪೀನ್ ಜಲಾಂತರ್ಗಾಮಿಗಳ 22,400 ಪುಟಗಳ ದಾಖಲೆ 2016ರಲ್ಲಿ ಬಯಲಾದದ್ದು ಆಸ್ಟ್ರೇಲಿಯಾದ ಪತ್ರಿಕೆಯೊಂದರಲ್ಲಿ. ಆ ಪುಟಗಳು ಹಡಗಿನ ವಿನ್ಯಾಸ ಮಾಡಿದ ಫ್ರೆಂಚ್ ಕಂಪನಿಗೆ ಸೇರಿದವು. ಮಾಹಿತಿ ಹಕ್ಕಿನ ಅರ್ಜಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ನನ್ನ ತಕರಾರು ಇಷ್ಟೇ: ಗುಟ್ಟು ಕಾಯುವವನೇ ಅದು ಗುಟ್ಟೋ ಅಲ್ಲವೋ ಎಂದು ತೀರ್ಪು ಕೊಡುವವನೂ ಆಗಿದ್ದಾನೆ. ಆ ತೀರ್ಪಿಗೆ ಗಡುವಿಲ್ಲ, ಮೇಲ್ಮನವಿಯೂ ಹೆಸರಿಗಷ್ಟೇ. ಗೆದ್ದ ಸುದ್ದಿ ಸಂಜೆಯೊಳಗೆ ಹೊರಬರುತ್ತದೆ, ಎಡವಿದ್ದು ರಾಷ್ಟ್ರೀಯ ಭದ್ರತೆಯಾಗಿ ಕಪಾಟು ಸೇರುತ್ತದೆ.

ಚೀನಾ ಎದುರಿನ 1962ರ ಸೋಲಿನ ಬಗ್ಗೆ ಸೇನಾಧಿಕಾರಿಗಳಾದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಬರೆದ ವರದಿಯನ್ನೇ ನೋಡಿ. 1963ರಲ್ಲಿ ಸಲ್ಲಿಕೆಯಾಯಿತು. ಪತ್ರಕರ್ತ ಕುಲದೀಪ್ ನಯ್ಯರ್ ಮಾಹಿತಿ ಹಕ್ಕಿನಡಿ ಕೇಳಿದರು. 2009ರಲ್ಲಿ ಕೇಂದ್ರ ಮಾಹಿತಿ ಆಯೋಗವೂ ಕೊಡಲಾಗದು ಎಂದಿತು. ಮರುವರ್ಷ ರಕ್ಷಣಾ ಸಚಿವ ಎ.ಕೆ. ಆಂಟನಿ, ಅದರಲ್ಲಿರುವುದಕ್ಕೆ ಇಂದಿಗೂ ಸೇನಾ ಕಾರ್ಯಾಚರಣೆಯ ಮಹತ್ವವಿದೆ ಎಂದು ಸಂಸತ್ತಿಗೆ ತಿಳಿಸಿದರು. 2014ರಲ್ಲಿ ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ ತಮ್ಮಲ್ಲಿದ್ದ ಭಾಗವನ್ನು ಅಂತರ್ಜಾಲಕ್ಕೆ ಹಾಕಿಬಿಟ್ಟರು. ಯಾರು ಬೇಕಾದರೂ ಓದಬಹುದಾದ ಪುಟಗಳು ಸರ್ಕಾರದ ಲೆಕ್ಕದಲ್ಲಿ ಆಮೇಲೂ ರಹಸ್ಯವೇ. ಇದನ್ನು ಭದ್ರತೆ ಎನ್ನಬೇಕೋ ಹಟ ಎನ್ನಬೇಕೋ!

ಇದೇ ದೇಶ ಬೇರೆ ರೀತಿಯಲ್ಲೂ ನಡೆದುಕೊಂಡಿದೆ. ಕಾರ್ಗಿಲ್ ಯುದ್ಧ ಮುಗಿದ ಕೂಡಲೇ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಸಮಿತಿ ಮಾಡಿತು. ಬೇಹುಗಾರಿಕೆ ಎಲ್ಲೆಲ್ಲಿ ಸೋತಿತು ಎಂದು ಆ ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ಸೂಕ್ಷ್ಮವಾದ ಭಾಗಗಳನ್ನು ತೆಗೆದು 2000ದ ಫೆಬ್ರವರಿಯಲ್ಲಿ ಸಂಸತ್ತಿನಲ್ಲಿ ಮಂಡಿಸಿದರು, ಪುಸ್ತಕವಾಗಿಯೂ ಬಂತು. ದೇಶಕ್ಕೇನೂ ಆಗಲಿಲ್ಲ. ತಾಂತ್ರಿಕ ಬೇಹುಗಾರಿಕೆಯ ಎನ್‌ಟಿಆರ್‌ಒನಂಥ ಹೊಸ ಸಂಸ್ಥೆ ಹುಟ್ಟಿದ್ದು ಆ ಚರ್ಚೆಯ ಫಲವಾಗಿಯೇ. ಕಪ್ಪು ಮಸಿ ಬಳಿಯಬೇಕಾದ ಸಾಲಿಗೆ ಬಳಿದು ಉಳಿದದ್ದನ್ನು ಕೊಡಿ ಎನ್ನುವುದು ಅತಿಯಾಸೆಯಲ್ಲ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಐಬಿ, ರಾ ಮೊದಲಾದ ಬೇಹುಗಾರಿಕೆ ಮತ್ತು ಭದ್ರತಾ ಸಂಸ್ಥೆಗಳನ್ನು ಕಾಯ್ದೆಯ ಹೊರಗಿಟ್ಟಿದೆ. ಪಟ್ಟಿ ಬೆಳೆಯುತ್ತಲೇ ಇದೆ: 2011ರಲ್ಲಿ ಸಿಬಿಐ ಸೇರಿತು, 2023ರಲ್ಲಿ ಸೈಬರ್ ಭದ್ರತೆಯ ಸೆರ್ಟ್-ಇನ್. ಭ್ರಷ್ಟಾಚಾರ ಮತ್ತು ಮಾನವ ಹಕ್ಕು ಉಲ್ಲಂಘನೆಯ ಆರೋಪವಿದ್ದರೆ ಮಾಹಿತಿ ಕೊಡಬೇಕು ಎಂಬ ಕಿಂಡಿಯೇನೋ ಇದೆ. ಅದರಲ್ಲಿ ತೂರಿಹೋಗಲು ಸಾಮಾನ್ಯನಿಗೆ ವಕೀಲ ಬೇಕು, ವರ್ಷಗಳು ಬೇಕು. ರಕ್ಷಣಾ ಸಂಶೋಧನೆಯ ಡಿಆರ್‌ಡಿಒ ಕೂಡ ಇದೇ ಪಟ್ಟಿಯಲ್ಲಿದೆ. ಇದರ ಬಿಸಿ ಏನೆಂದು ಚಳ್ಳಕೆರೆ ತಾಲ್ಲೂಕಿನ ದೊಡ್ಡ ಉಳ್ಳಾರ್ತಿಯ ಕುರಿಗಾಹಿಗಳನ್ನು ಕೇಳಬೇಕು. ತಲೆತಲಾಂತರದಿಂದ ಕುರಿ, ದನ ಮೇಯಿಸಿದ ಅಮೃತಮಹಲ್ ಕಾವಲಿನಲ್ಲಿ ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಇಸ್ರೊ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಗೆ ಬೇರೆ. ಊರಿನವರಿಗೆ ಸುದ್ದಿ ಮುಟ್ಟಿದ್ದು ಬೇಲಿ, ಗೋಡೆ ಎದ್ದಾಗ. ಪ್ರಕರಣ ಹಸಿರು ನ್ಯಾಯಮಂಡಳಿಗೆ ಹೋಯಿತು. ಗೋಡೆಯಾಚೆ ಯಾವ ಡ್ರೋನ್ ಹಾರುತ್ತದೆ ಎಂದು ಅವರು ಕೇಳಿರಲಿಲ್ಲ. ಗೋಮಾಳ ಎಲ್ಲಿ ಹೋಯಿತು, ನೀರು ಎಲ್ಲಿಂದ ತರುತ್ತೀರಿ, ಕೆರೆಗೆ ಹೋಗುವ ದಾರಿ ಉಳಿಯುತ್ತದೆಯೇ ಎಂದು ಕೇಳಿದರು. ಇವಕ್ಕೆ ಉತ್ತರ ಜಿಲ್ಲಾಧಿಕಾರಿ ಕಚೇರಿಯ ಕಡತದಲ್ಲಿರುತ್ತದೆ, ಆ ಕಚೇರಿಗೆ 24ನೇ ಸೆಕ್ಷನ್ನಿನ ರಕ್ಷಣೆಯಿಲ್ಲ. ಆದರೆ ರಕ್ಷಣಾ ಇಲಾಖೆಯ ಹೆಸರು ಬಂದೊಡನೆ ಭೂಮಾಪಕನಿಂದ ಹಿಡಿದು ಎಲ್ಲರ ಬಾಯಿಗೂ ಬೀಗ. ಇನ್ನು ಶತ್ರುವಿನಿಂದ ಮುಚ್ಚಿಡುತ್ತಿದ್ದೇವೆ ಎಂದರೆ, ಗೋಡೆ ಆಕಾಶದ ಕಣ್ಣನ್ನು ತಡೆಯದು: ಮೈಸೂರಿನ ಹತ್ತಿರದ ರತ್ನಹಳ್ಳಿ ಅಣು ಸ್ಥಾವರ ವಿಸ್ತಾರವಾಗುತ್ತಿದೆ ಎಂದು 2014ರಲ್ಲಿ ಲಂಡನ್ನಿನ ಜೇನ್ಸ್ ಸಂಸ್ಥೆ ಉಪಗ್ರಹ ಚಿತ್ರಗಳನ್ನಿಟ್ಟುಕೊಂಡೇ ವರದಿ ಮಾಡಿತ್ತು.

ಬೇಹುಗಾರಿಕೆ ಸಂಸ್ಥೆಗಳ ಕಥೆ ಇನ್ನೂ ವಿಚಿತ್ರ. ಐಬಿ ಹುಟ್ಟಿದ್ದು 1887ರಲ್ಲಿ, ಬ್ರಿಟಿಷರ ಆಡಳಿತಾತ್ಮಕ ಆದೇಶದಿಂದ. ಸ್ವತಂತ್ರ ಭಾರತದ ಸಂಸತ್ತು ಅದಕ್ಕೊಂದು ಕಾನೂನು ಮಾಡಿಲ್ಲ. ಇದನ್ನು ಪ್ರಶ್ನಿಸಿದವರು ಚಳವಳಿಗಾರರಲ್ಲ, ಐಬಿಯಲ್ಲೇ ದುಡಿದು ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ್ದ ಆರ್.ಎನ್. ಕುಲಕರ್ಣಿ. ಯಾವ ಕಾನೂನಿನಡಿ ಈ ಸಂಸ್ಥೆ ನಡೆಯುತ್ತಿದೆ ಎಂದು 2012ರಲ್ಲಿ ಅವರು ಕರ್ನಾಟಕ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಸಂವಿಧಾನದ ಕೇಂದ್ರ ಪಟ್ಟಿಯ 8ನೇ ನಮೂದು ಇಂಥ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಅಧಿಕಾರವಿದೆ, ಕಾನೂನಿಲ್ಲ. ಒಳಗಿದ್ದು ಬಂದವರು ಬರೆದಾರು ಎಂದರೆ ಅದಕ್ಕೂ ತಡೆ: ಇಂಥ ಸಂಸ್ಥೆಗಳಲ್ಲಿದ್ದು ನಿವೃತ್ತರಾದವರು ತಮ್ಮ ಕೆಲಸದ ಕ್ಷೇತ್ರದ ಬಗ್ಗೆ ಏನೇ ಪ್ರಕಟಿಸುವ ಮುನ್ನ ಅನುಮತಿ ಪಡೆಯಬೇಕು, ತಪ್ಪಿದರೆ ಪಿಂಚಣಿಗೆ ಸಂಚಕಾರ ಎಂಬ ನಿಯಮ 2021ರ ಮೇ ಕೊನೆಯಲ್ಲಿ ಬಂತು.

ಬ್ರಿಟನ್ನಿನಲ್ಲಿ 1994ರ ಕಾಯ್ದೆಯಿಂದ ಬೇಹುಗಾರಿಕೆ ಸಂಸ್ಥೆಗಳ ಮೇಲೆ ಸಂಸದರ ಸಮಿತಿಯೊಂದು ಕಣ್ಣಿಟ್ಟಿದೆ. ಅದರ ವರದಿ ಪ್ರಕಟವಾಗುವಾಗ ಅಳಿಸಿದ ಜಾಗದಲ್ಲಿ ನಕ್ಷತ್ರಚಿಹ್ನೆ ಇರುತ್ತದೆ, ಇಂಥಲ್ಲಿ ಅಳಿಸಿದ್ದಾರೆ ಎಂದಾದರೂ ಓದುಗನಿಗೆ ಗೊತ್ತಾಗುತ್ತದೆ. ನಮ್ಮಲ್ಲೂ 25 ವರ್ಷ ದಾಟಿದ ದಾಖಲೆಗಳನ್ನು ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕೆಂಬ ನಿಯಮವಿದೆ, ರಕ್ಷಣಾ ಇಲಾಖೆ 2021ರಲ್ಲಿ ಅದನ್ನೇ ಮತ್ತೆ ತನ್ನ ನೀತಿಯಾಗಿ ಸಾರಿತು. ಆದರೆ ಯಾವ ಕಡತ ತೆರೆಯಬೇಕು ಎಂದು ನಿರ್ಧರಿಸುವುದು ಕಡತ ಇಟ್ಟುಕೊಂಡ ಇಲಾಖೆಯೇ. ಆ ಅಧಿಕಾರವನ್ನು ಹೊರಗಿನ ಒಬ್ಬ ನಿವೃತ್ತ ನ್ಯಾಯಮೂರ್ತಿಗಾದರೂ ಕೊಡಲಿ. ಗಡುವು ಮುಗಿದ ಮೇಲೂ ಮುಚ್ಚಿಡಬೇಕೆಂದರೆ ಇಲಾಖೆ ಅವರೆದುರು ಕಾರಣ ಬರೆದುಕೊಡಲಿ. ಸಂಸತ್ತಿನ ಉಸ್ತುವಾರಿಯ ಮಾತೂ ಹೊಸದಲ್ಲ. 2011ರಲ್ಲಿ ಕಾಂಗ್ರೆಸ್ ಸಂಸದ ಮನೀಶ್ ತಿವಾರಿ ಇದಕ್ಕೆಂದೇ ಲೋಕಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಆಗ ಅಧಿಕಾರದಲ್ಲಿದ್ದದ್ದು ಅವರದೇ ಪಕ್ಷ. ಮರುವರ್ಷ ಅವರು ಮಂತ್ರಿಯಾದರು, ಮಸೂದೆ ಬಿದ್ದುಹೋಯಿತು.