‘ಏನಾಯ್ತು ಹೇಳು’ ಎಂದು ಕೆದಕಬೇಡಿ

2024ರ ಮಾರ್ಚ್ 1ರ ಮಧ್ಯಾಹ್ನ ವೈಟ್‌ಫೀಲ್ಡ್ ಹತ್ತಿರದ ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸ್ಫೋಟಿಸಿತು. ಮಾರ್ಚ್ 9ಕ್ಕೆ ಕೆಫೆ ಮತ್ತೆ ತೆರೆಯಿತು. ಆದರೆ ಕಣ್ಣಾರೆ ಕಂಡವರ ಮನಸ್ಸು ಸರಿಹೋಗಲು ಹೆಚ್ಚು ಕಾಲ ಬೇಕಾಗಬಹುದು.

ಇಂಥ ಆಘಾತವಾದಾಗ ಕೆಲವು ದಿನ ನಿದ್ದೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು ಸಹಜ. ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ತಿಂಗಳು ಕಳೆದರೂ ಅದೇ ಕಾಡುತ್ತಿದ್ದರೆ ಪಿಟಿಎಸ್‌ಡಿ ಎಂಬ ಕಾಯಿಲೆ ಇರಬಹುದು; ವೈದ್ಯರಿಗೆ ತೋರಿಸಬೇಕು.

ರಸ್ತೆ ಅಪಘಾತವನ್ನೋ ಕಾರ್ಖಾನೆಯ ಅವಘಡವನ್ನೋ ಕಂಡು ಬಂದ ಗೆಳೆಯರಿಗೆ ನಾವು, ‘ಎಲ್ಲಾ ಹೇಳಿಬಿಡು, ಹಗುರವಾಗುತ್ತೆ’ ಎಂದು ಒತ್ತಾಯ ಮಾಡುತ್ತೇವೆ. ಉದ್ದೇಶ ಒಳ್ಳೆಯದೇ, ದಾರಿ ಸರಿಯಲ್ಲ. ಪಿಟಿಎಸ್‌ಡಿ ತಡೆಯಲೆಂದು ನಡೆದದ್ದನ್ನೆಲ್ಲ ಕೂಡಲೇ ಬಾಯಿಬಿಡಿಸುವ ಕ್ರಮವನ್ನು ಬಳಸಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ.

ಪಕ್ಕದಲ್ಲಿ ಕುಳಿತುಕೊಳ್ಳಿ. ನೀರು ಕೊಡಿ. ಮನೆಯವರಿಗೆ ಫೋನ್ ಮಾಡಿಸಿ. ಅವರಾಗಿ ಮಾತಾಡಿದರೆ ಕೇಳಿಸಿಕೊಳ್ಳಿ. ಘಟನೆಯ ವಿಡಿಯೊವನ್ನು ಕ್ಲಾಸ್ ಗ್ರೂಪಿಗೆ ಹಾಕಬೇಡಿ. ಉಪನ್ಯಾಸಕರೂ ಹಾಜರಿ, ಟೆಸ್ಟ್ ವಿಷಯದಲ್ಲಿ ಕೆಲವು ದಿನ ಸಡಿಲಿಕೆ ತೋರಿಸಲಿ. ಸಹಾಯ ಬೇಕೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.