ಜಗುಲಿಯ ಮಾತು: ಗೊಂಬೆಯ ದಂಡಿಗೆ ಬಣ್ಣ

ನವರಾತ್ರಿಗೆ ಇನ್ನೂ ಹದಿನೈದು ದಿನಗಳಿರುವಾಗಲೇ, ಗೊಂಬೆ ಕೂರಿಸುವ ವಾಡಿಕೆಯುಳ್ಳ ಮನೆಗಳಲ್ಲಿ ಅಟ್ಟದ ಮೇಲಣ ಪೆಟ್ಟಿಗೆಗಳು ಕೆಳಗಿಳಿಯುತ್ತವೆ. ಪಟ್ಟದ ಗೊಂಬೆಗಳ ರೇಷ್ಮೆಯನ್ನು ಬಿಸಿಲಿಗೆ ಹರವುವುದು, ಶೆಟ್ಟಿಯ ಮಾಸಿದ ಮೂಗಿಗೆ ಬಣ್ಣ ಕೊಡುವುದು, ಇಲಿ ಕಡಿದ ಆನೆಯ ಕಿವಿಯನ್ನು ಅಂಟಿಸುವುದು, ಇವೆಲ್ಲ ಗೃಹಕೃತ್ಯದಲ್ಲಿಯೇ ಸೇರಿದ ಕೆಲಸಗಳು. ಈ ಸಾರಿ ಮಧುಗಿರಿಯ ನಮ್ಮ ಮನೆಗೆ ಅವುಗಳೊಡನೆ ಹೊಸದೊಂದು ದಂಡೂ ಬಂದಿಳಿಯಿತು. ಬೆಂಗಳೂರಿನಿಂದ ರಜೆಗೆ ಬಂದ ನಮ್ಮ ಮೊಮ್ಮಗನು ಒಂದು ಪೆಟ್ಟಿಗೆಯನ್ನು ಬಿಚ್ಚಿ, ಅರುವತ್ತು ಮಂದಿ ಸಿಪಾಯಿಗಳನ್ನು ಜಗುಲಿಯ ಮೇಲೆ ಸಾಲಾಗಿ ನಿಲ್ಲಿಸಿದನು. ಒಬ್ಬೊಬ್ಬನ ಎತ್ತರವೂ ಇಪ್ಪತ್ತೆಂಟು ಮಿಲಿಮೀಟರ್. ಎಂದರೆ ಅಂಗುಲಕ್ಕಿಂತ ತುಸು ಹೆಚ್ಚು. ಕೆಲವರು ತವರ ಬೆರೆತ ಲೋಹದವರು, ಕೆಲವರು ಪ್ಲಾಸ್ಟಿಕ್ಕಿನವರು. ಯಾರ ಮೈಮೇಲೂ ಬಣ್ಣವಿಲ್ಲ. ಬಣ್ಣ ಬಳಿಯುವುದು ಕೊಂಡವನ ಪಾಲಿನ ಕೆಲಸ. ಬಳಿದಾದ ಮೇಲೆ ಮೇಜಿನ ಮೇಲೆ ಬೆಟ್ಟ, ಕೋಟೆ, ಕಾಲುವೆಗಳನ್ನು ಹೂಡಿ, ಅಳತೆಕೋಲಿನಿಂದ ನಡೆಯನ್ನೂ ದಾಳಗಳಿಂದ ಜಯಾಪಜಯಗಳನ್ನೂ ನಿರ್ಣಯಿಸುತ್ತ ಯುದ್ಧವನ್ನು ಆಡತಕ್ಕದ್ದು.

ನಮ್ಮ ಮನೆಯವರಿಗೆ ಇದು ಸೇರಲಿಲ್ಲ. "ದೇವರ ಮುಂದೆ ಕೂರಿಸುವ ಗೊಂಬೆಗಳ ಪಕ್ಕದಲ್ಲಿ ಕೊಲ್ಲುವ ಆಟವೆ?" ಎಂದರು. ಮಹಾನವಮಿಯ ದಿನ ಆಯುಧಗಳಿಗೆ ಅರಿಸಿನ ಕುಂಕುಮವನ್ನು ಇಡುವ ಕೈಗಳೇ ಹೀಗೆನ್ನಬಹುದೆ ಎಂದು ನಾವು ಕೇಳಿದೆವು. ಅದಕ್ಕೆ ಬಂದ ಉತ್ತರವನ್ನು ಇಲ್ಲಿ ಬರೆಯುವುದು ಅನಾವಶ್ಯಕ.

ವಿಚಾರ ಮಾಡಿದರೆ ಈ ಆಟವು ನಮಗೆ ಹೊಸದೇನೂ ಅಲ್ಲ. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೈನ್ಯವನ್ನು ಹಲಗೆಯ ಮೇಲೆ ಇಳಿಸಿ ಅದಕ್ಕೆ ಚತುರಂಗವೆಂದು ಹೆಸರಿಟ್ಟವರು ನಮ್ಮವರೇ. ಅಷ್ಟಾಪದವೆಂಬ ಹಲಗೆಯ ಮೇಲಣ ಚತುರಂಗವನ್ನು ಬಾಣಭಟ್ಟನು 7ನೆಯ ಶತಮಾನದಲ್ಲಿಯೇ ತನ್ನ ಹರ್ಷಚರಿತದಲ್ಲಿ ಶ್ಲೇಷೆಯಾಗಿ ಪ್ರಸ್ತಾಪಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಈ ಆಟದ ವಿವರಣೆಯುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯ ಸಮಸ್ಯೆಗಳನ್ನು ತಾವೇ ಕಟ್ಟಿದರಲ್ಲದೆ, ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯಲ್ಲಿ ಹಲಗೆಯ ಆಟಗಳಿಗೆ ಸ್ಥಾನವನ್ನು ಕೊಟ್ಟರು.

ಯುರೋಪಿನಲ್ಲಿ ಇದೇ ಬೀಜವು ಬೇರೆ ಬಗೆಯಾಗಿ ಬೆಳೆಯಿತು. 1812ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬಾತನು ಯುದ್ಧದ ಆಟವೊಂದನ್ನು ತನ್ನ ಅರಸನಿಗೆ ಒಪ್ಪಿಸಿದನು. ಅವನ ಮಗನು ಅದನ್ನು ನಕ್ಷೆಯ ಮೇಲೆ ಆಡುವಂತೆ ತಿದ್ದಿ, 1824ರಲ್ಲಿ ಸೇನಾಧಿಕಾರಿಗಳ ಶಿಕ್ಷಣಕ್ಕೆ ತಂದನು. ಆಂಗ್ಲ ಗ್ರಂಥಕರ್ತನಾದ ಎಚ್. ಜಿ. ವೆಲ್ಸನು 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕದಲ್ಲಿ ಮನೆಯ ನೆಲದ ಮೇಲೆ ಗೊಂಬೆಸಿಪಾಯಿಗಳಿಂದ ಆಡುವ ಕ್ರಮವನ್ನು ಬರೆದು, ನಿಜವಾದ ಯುದ್ಧಕ್ಕಿಂತ ಈ ಪುಟ್ಟ ಯುದ್ಧವೇ ಎಷ್ಟೋ ಲೇಸೆಂದು ವಾದಿಸಿದನು. ಮರುವರ್ಷವೇ ಮಹಾಯುದ್ಧವು ಹೊತ್ತಿಕೊಂಡಿತೆಂಬುದನ್ನು ನೆನೆದರೆ ಆ ಮಾತು ಬರಿಯ ವಿನೋದವೆಂದು ತೋರುವುದಿಲ್ಲ.

ಮೊಮ್ಮಗನು ತನ್ನ ದಂಡನ್ನು ಹೇಗೆ ವಿಂಗಡಿಸಲೆಂದು ಕೇಳಿದಾಗ ಅಮರಕೋಶದ ಲೆಕ್ಕವನ್ನು ಹೇಳಿಕೊಟ್ಟೆವು. ಒಂದು ಆನೆ, ಒಂದು ರಥ, ಮೂರು ಕುದುರೆ, ಐವರು ಕಾಲಾಳುಗಳು ಕೂಡಿದರೆ ಒಂದು ಪತ್ತಿ. ಅದನ್ನು ಮೂರು ಮೂರರಿಂದ ಗುಣಿಸುತ್ತ ಹೋದರೆ ಸೇನಾಮುಖ, ಗುಲ್ಮ, ಗಣ, ವಾಹಿನಿ, ಪೃತನಾ, ಚಮೂ, ಅನೀಕಿನೀ ಎಂದಾಗುತ್ತದೆ. ಹತ್ತು ಅನೀಕಿನಿಗಳು ಒಂದು ಅಕ್ಷೌಹಿಣಿ. ಅದರಲ್ಲಿ ಆನೆ 21,870, ರಥ 21,870, ಕುದುರೆ 65,610, ಕಾಲಾಳು 1,09,350. ಹುಡುಗನು ತನ್ನ ಅರುವತ್ತನ್ನು ನೋಡಿ, "ನನ್ನ ಹತ್ತಿರ ಒಂದು ಗುಲ್ಮವೂ ಇಲ್ಲವಲ್ಲ, ಅಜ್ಜ" ಎಂದು ನಿಟ್ಟುಸಿರಿಟ್ಟನು. ಒಂದೊಂದು ಗೊಂಬೆಯೂ ಐವತ್ತು ಮಂದಿಗೆ ಪ್ರತಿನಿಧಿಯೆಂದು ಎಣಿಸಿಕೊಳ್ಳುವುದೇ ಈ ಆಟದ ವಾಡಿಕೆಯೆಂದು ಅವನೇ ಬಳಿಕ ನಮಗೆ ತಿಳಿಯಹೇಳಿದನು.

ಇನ್ನು ಬಣ್ಣದ ವಿಷಯ. ಇದರಲ್ಲಿ ಅವಸರವು ಸಲ್ಲದು. ಮೊದಲು ಗೊಂಬೆಯನ್ನು ಸಾಬೂನಿನ ನೀರಿನಲ್ಲಿ ತೊಳೆದು ಅಚ್ಚಿನ ಜಿಡ್ಡನ್ನು ಕಳೆಯಬೇಕು; ಅಚ್ಚಿನ ಸಂದಿನಲ್ಲಿ ಉಳಿದ ಏಣನ್ನು ಸಣ್ಣ ಅರದಿಂದ ಉಜ್ಜಬೇಕು. ತರುವಾಯ ಪ್ರೈಮರೆಂಬ ಮೊದಲ ಲೇಪವನ್ನು ತೆಳ್ಳಗೆ ಕೊಡಬೇಕು. ಅದಿಲ್ಲದಿದ್ದರೆ ಮೇಲಣ ಬಣ್ಣವು ಉಗುರು ತಾಗಿದರೆ ಏಳುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಗೊಂಬೆಯ ಸಂದುಗಳಿಗೆ ಹುಣಿಸೆಬೀಜದ ಸರಿಯನ್ನೂ ಮರದ ಹೊಟ್ಟನ್ನೂ ಮೆತ್ತಿ, ಮೇಲೆ ಬಿಳಿಯ ಲೇಪವನ್ನು ಕೊಟ್ಟ ಮೇಲೆಯೇ ಕುಂಚವನ್ನು ಹಿಡಿಯುವರು. ತತ್ತ್ವವು ಎರಡು ಕಡೆಯೂ ಒಂದೇ. ಬಣ್ಣವನ್ನು ನೀರಿನಿಂದ ತಿಳಿಮಾಡಿ ಒಂದು ದಪ್ಪ ಲೇಪದ ಬದಲು ಎರಡು ತೆಳು ಲೇಪಗಳನ್ನು ಕೊಟ್ಟರೆ ಕಣ್ಣು ಮೂಗುಗಳು ಮುಚ್ಚಿಹೋಗುವುದಿಲ್ಲ. ಬಟ್ಟೆಯ ಮಡಿಕೆಗಳಲ್ಲಿ ಕಂದು ನೀರನ್ನು ಹರಿಯಬಿಟ್ಟು ನೆರಳನ್ನೂ, ಉಬ್ಬಿದೆಡೆಯಲ್ಲಿ ಒಣಕುಂಚವನ್ನು ಸವರಿ ಬೆಳಕನ್ನೂ ತೋರಿಸಬೇಕು. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ಇಂತಹ ಛಾಯಾಕ್ರಿಯೆಗೆ ವರ್ತನಾ ಎಂದು ಹೆಸರಿಟ್ಟು, ಎಲೆಯ ಗೆರೆಗಳಂತಹದು, ಅತಿಸೂಕ್ಷ್ಮವಾದುದು, ಚುಕ್ಕೆಗಳಿಂದಾದುದು ಎಂದು ಅದರಲ್ಲಿ ಮೂರು ಬಗೆಗಳನ್ನು ಹೇಳುತ್ತದೆ. ಬೆರಳುದ್ದವಿಲ್ಲದ ಗೊಂಬೆಯಲ್ಲಿ ಸಹಜವಾದ ಬೆಳಕು ನೆರಳನ್ನು ತೋರಲಾರದಾದ್ದರಿಂದ ಕುಂಚವೇ ಸೂರ್ಯನಾಗಬೇಕು.

ಗೃಹಸ್ಥರು ಒಂದು ಎಚ್ಚರಿಕೆಯನ್ನು ಮರೆಯಬಾರದು. ಹಳೆಯ ಲೋಹದ ಗೊಂಬೆಗಳಲ್ಲಿ ಸೀಸವಿರುವುದುಂಟು. ಅವುಗಳನ್ನು ಎಳೆಯ ಮಕ್ಕಳ ಕೈಗೆ ಕೊಡಬಾರದು. ಅರದ ಪುಡಿಯನ್ನು ಒದ್ದೆಬಟ್ಟೆಯಿಂದ ಒರಸಿ ಕೈ ತೊಳೆಯಬೇಕು. ಕುಂಚದ ಮೊನೆಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವನ್ನು ಬಿಡಿಸಬೇಕು.

ಪೆಟ್ಟಿಗೆಯಲ್ಲಿ ಸಿಪಾಯಿಗಳಲ್ಲದೆ ಸಾಹಸಕಥೆಗಳ ಜನರೂ ಕೆಲವರಿದ್ದರು: ಟೋಪಿಯ ಅನ್ವೇಷಕ, ಪಿಸ್ತೂಲು ಹಿಡಿದ ಪತ್ತೇದಾರ, ಗೋರಿಯಿಂದೆದ್ದ ಶವ. ಇವರಿಗೆ ಯಾವ ಬಣ್ಣವಾದರೂ ಒಪ್ಪುತ್ತದೆ. ಶವವನ್ನು ಹಸುರಾಗಿಸಿದರೂ ಕೇಳುವವರಿಲ್ಲ. ಆದರೆ ಇತಿಹಾಸದ ಸಿಪಾಯಿಯ ಮಾತು ಹಾಗಲ್ಲ. ಅವನು ಒಂದಾನೊಂದು ಕಾಲದಲ್ಲಿ ಬದುಕಿದ್ದವನ ಪ್ರತಿನಿಧಿ. ಯಶೋಧರನು ಕಾಮಸೂತ್ರದ ವ್ಯಾಖ್ಯಾನದಲ್ಲಿ ಚಿತ್ರದ ಆರು ಅಂಗಗಳನ್ನು ಎಣಿಸುವಾಗ, ಬಣ್ಣದ ಬೆರಕೆಯಾದ ವರ್ಣಿಕಾಭಂಗಕ್ಕಿಂತ ಮೊದಲು ಸಾದೃಶ್ಯವನ್ನು ಹೇಳಿದ್ದಾನೆ. ಇದನ್ನು ಮೊಮ್ಮಗನಿಗೆ ಗಂಭೀರವಾಗಿ ಬೋಧಿಸಿದ ನಾವೇ ಮುಂದೆ ಎಡವಿದೆವು.

ಅವನು ಆರಿಸಿಕೊಂಡ ಕಾಳಗವು ನಮ್ಮ ಊರಿನದೇ. 1763ರಲ್ಲಿ ಹೈದರನು ಬಿದನೂರನ್ನು ತೆಗೆದುಕೊಂಡು, ಅಲ್ಲಿನ ರಾಣಿ ವೀರಮ್ಮಾಜಿಯನ್ನು ಮಧುಗಿರಿಯ ದುರ್ಗದಲ್ಲಿ ಸೆರೆಯಿಟ್ಟನು. 1767ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ದಂಡು ದುರ್ಗವನ್ನು ಹಿಡಿದು ಆಕೆಯನ್ನು ಬಿಡಿಸಿತು. ದುರ್ಗದ ಸಿಪಾಯಿಗಳಿಗೆ ಯಾವ ಉಡುಪು ಎಂದು ಹುಡುಗನು ಕೇಳಿದನು. ನಾವು ಯೋಚಿಸದೆ, "ಮೈಸೂರಿನ ದಂಡಿಗೆ ಹುಲಿಪಟ್ಟೆಯ ಅಂಗಿ, ಕೆಂಪು ರುಮಾಲು" ಎಂದುಬಿಟ್ಟೆವು. ಅವನು ಐದು ದಿನ ಭೂತಗನ್ನಡಿಯ ಕೆಳಗೆ ಕುಳಿತು, ಇಪ್ಪತ್ನಾಲ್ಕು ಮಂದಿಯ ನೇರಳೆಯ ಅಂಗಿಗಳ ಮೇಲೆ ಕೂದಲೆಳೆಯಂತಹ ಬಿಳಿಯ ಪಟ್ಟೆಗಳನ್ನು ಎಳೆದನು. ಆರನೆಯ ದಿನ ಶಿರಾದಲ್ಲಿ ಉಪಾಧ್ಯಾಯರಾಗಿರುವ ನಮ್ಮ ಹಳೆಯ ಶಿಷ್ಯರೊಬ್ಬರು ಬಂದವರು ಗೊಂಬೆಗಳನ್ನು ಬಹುವಾಗಿ ಕೊಂಡಾಡಿ, ಹೊರಡುವಾಗ ಮೆಲ್ಲಗೆ, "ಮೇಷ್ಟ್ರೇ, ಹುಲಿಪಟ್ಟೆ ಟಿಪ್ಪುವಿನ ಕಾಲದ್ದಲ್ಲವೆ? 1767ರಲ್ಲಿ ಅವನು ಇನ್ನೂ ಹುಡುಗ" ಎಂದರು. ಮಾತು ಸರಿಯಾಗಿಯೇ ಇತ್ತು. ಟಿಪ್ಪು ಪಟ್ಟಕ್ಕೆ ಬಂದುದು 1782ರಲ್ಲಿ. ನಮಗೆ ಆ ಅಂಗಿಯು ಗೊತ್ತಿತ್ತೇ ಹೊರತು ಅದರ ಕಾಲವು ನೆನಪಾಗಲಿಲ್ಲ.

ಆ ರಾತ್ರಿ ಒಂದು ದುರ್ಬುದ್ಧಿಯು ನಮ್ಮನ್ನು ಕಾಡಿತು. ಅಂಗುಲದ ಗೊಂಬೆ, ನೋಡುವವರು ನೆರೆಹೊರೆಯವರು, ಪಟ್ಟೆಗಳೋ ಮನೋಹರವಾಗಿವೆ, ಹುಡುಗನಿಗೆ ಹೇಳದಿದ್ದರೆ ಏನಾದೀತು? ಆದರೆ ಮೂವತ್ತು ವರ್ಷ ಮಕ್ಕಳ ತಪ್ಪುಗಳಿಗೆ ಕೆಂಪು ಗೆರೆಯೆಳೆದ ಕೈ ನಮ್ಮದು. ಬೆಳಗ್ಗೆ ಅವನನ್ನು ಕರೆದು, "ತಪ್ಪು ನಮ್ಮದು, ಮಗು" ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕಣ್ಣು ತುಂಬಿತ್ತು. ಬಳಿಕ, "ಹಾಗಾದರೆ ಏನು ಬಳಿಯಬೇಕು ಅಜ್ಜ? ಈ ಸಲ ನೋಡಿ ಹೇಳು" ಎಂದನು.

ನೋಡಿಯೇ ಹೇಳಿದೆವು. ಮೊದಲನೆಯದಾಗಿ, ಕೃತಕ ಬಣ್ಣವನ್ನು ಪರ್ಕಿನ್ ಎಂಬಾತನು ಕಂಡುಹಿಡಿದುದು 1856ರಲ್ಲಿ. ಅದಕ್ಕೆ ಹಿಂದಿನ ಬಟ್ಟೆಯ ಬಣ್ಣವೆಲ್ಲ ನೀಲಿಗಿಡ, ಮಂಜಿಷ್ಠ, ಅರಿಸಿನ, ಕಾಚುಗಳಂತಹ ವಸ್ತುಗಳಿಂದ ಬಂದುದು. ಆದ್ದರಿಂದ ಕಣ್ಣು ಕುಕ್ಕುವ ನೇರಳೆಯು ಅಲ್ಲಿ ಸಲ್ಲದು. ಎರಡನೆಯದಾಗಿ, ಪಾಳೆಯಪಟ್ಟುಗಳಿಂದ ಬಂದ ಕಾಲಾಳುಗಳು ತಮ್ಮ ಮನೆಯ ಬಟ್ಟೆಯಲ್ಲಿಯೇ ಬಂದವರು: ಮಾಸಿದ ಬಿಳಿಯ ಪಂಚೆ, ರುಮಾಲು, ಹೆಗಲಿಗೆ ಶಿರಾ ಪಾವಗಡಗಳ ಕಡೆಯ ಕುರಿಯುಣ್ಣೆಯ ಕರಿಕಂಬಳಿ, ಕೈಯಲ್ಲಿ ಬತ್ತಿಯ ಕೋವಿ ಅಥವಾ ಈಟಿ. ಮೂರನೆಯದಾಗಿ, ಹಳೆಯ ಚಿತ್ರವನ್ನು ನೋಡುವಾಗಲೂ ಅದರ ಚರಿತ್ರೆಯನ್ನು ಕೇಳಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್ ಮಹಲಿನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧವು ಚಿತ್ರಿತವಾಗಿದೆ. ಆದರೆ ಅದು ಒಮ್ಮೆ ಸುಣ್ಣದಡಿಯಲ್ಲಿ ಮುಚ್ಚಿಹೋಗಿ, ಡಾಲ್‌ಹೌಸಿಯ ಕಾಲದಲ್ಲಿ ಮತ್ತೆ ಬರೆಯಿಸಲ್ಪಟ್ಟುದು. ನಾವು ಕಾಣುವ ಬಣ್ಣದಲ್ಲಿ ಎರಡು ಕಾಲಗಳ ಕೈಗಳಿವೆ.

ಹುಡುಗನು ಇಪ್ಪತ್ನಾಲ್ಕು ಅಂಗಿಗಳನ್ನೂ ಮುಚ್ಚಿ ಮತ್ತೆ ಬಳಿದನು. ಮೊದಲಿಗಿಂತ ಬೆಡಗು ಕಡಿಮೆ. ಆದರೆ ಕಂಬಳಿ ಹೊದ್ದ ಆ ಮಂದಿಯು ಸಂತೆಯ ದಿನ ನಮ್ಮ ಬೀದಿಯಲ್ಲಿ ಕಾಣುವ ಜನರಂತೆಯೇ ತೋರಿದರು.

ಮುಖಗಳಿಗೆ ಬಣ್ಣ ಕೊಡುವಾಗ ಮತ್ತೊಂದು ಪ್ರಶ್ನೆಯೆದ್ದಿತು. "ಅಜ್ಜ, ಇದರಲ್ಲಿ ನಮ್ಮವರು ಯಾರು?" ನಮ್ಮವರ ಮುಖವನ್ನು ತಿಳಿಬಣ್ಣದಿಂದಲೂ ಶತ್ರುಗಳ ಮುಖವನ್ನು ಕಪ್ಪಿನಿಂದಲೂ ತೋರಿಸಬೇಕೆಂಬುದು ಅವನ ಆಲೋಚನೆ. ನಾವು ಬೆರಳು ಮಡಚಿ ಎಣಿಸಿದೆವು. ಮಧುಗಿರಿಯನ್ನು ಆಳಿದ ಗೌಡರಿಂದ 1678ರಲ್ಲಿ ಮೈಸೂರಿನವರು ಇದನ್ನು ತೆಗೆದುಕೊಂಡರು. ಶಿರಾ 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು, 1761ರಲ್ಲಿ ಹೈದರನ ಕೈಸೇರಿತು. ನಡುನಡುವೆ ಮರಾಠರು. ಕೊರಟಗೆರೆ ಸೀಮೆಯ ಚನ್ನರಾಯನದುರ್ಗ, ಪಾವಗಡ, ನಿಡುಗಲ್ಲುಗಳ ಬೆಟ್ಟದ ಕೋಟೆಗಳಿಗೂ ಒಬ್ಬನೇ ಒಡೆಯನಿದ್ದುದಿಲ್ಲ. ಈ ಎಲ್ಲರ ದಂಡಿನಲ್ಲಿಯೂ ಬಂದು ನೆಲಸಿದವರ ಮಕ್ಕಳು ಇಂದು ಒಂದೇ ಸಂತೆಯಲ್ಲಿ ಕಡಲೆಕಾಯಿ ಮಾರುತ್ತಾರೆ. ದಂಡು ಯಾರದಾದರೂ ತುಳಿದುಹೋದ ಹೊಲ ಮಾತ್ರ ನಮ್ಮದೇ. "ಹೊಲದವರೇ ನಮ್ಮವರೆನ್ನು, ಮಗು, ಮುಖಕ್ಕೆಲ್ಲ ಒಂದೇ ಮಣ್ಣಿನ ಬಣ್ಣ ಹಚ್ಚು" ಎಂದೆವು.

"ಹೊಲದವರ ಗೊಂಬೆ ಪೆಟ್ಟಿಗೆಯಲ್ಲಿಲ್ಲ" ಎಂದನವನು. ಅಷ್ಟರಲ್ಲಿ, ಇಷ್ಟು ದಿನ ಮುಖ ಬಿಗಿದುಕೊಂಡಿದ್ದ ನಮ್ಮ ಮನೆಯವರು ಗೊಂಬೆಗಳ ಸಾಲಿನಿಂದ ಶೆಟ್ಟಿ ಶೆಟ್ಟಿತಿಯರನ್ನು, ಅಕ್ಕಿ ಬೇಳೆಗಳ ಅಂಗಡಿಸಮೇತ, ತಂದು ಕೋಟೆಯ ಬುಡದಲ್ಲಿ ಕೂರಿಸಿದರು. ಶೆಟ್ಟಿಯ ಮೊಣಕಾಲಿಗೂ ಸಿಪಾಯಿಯು ಎಟುಕಲಿಲ್ಲ. ಪ್ರಮಾಣವು ತಪ್ಪಿತೆಂದು ನಾವು ಆಕ್ಷೇಪಿಸಬೇಕೆನ್ನುವಷ್ಟರಲ್ಲಿ ಹುಡುಗನು, "ಹಳೆಯ ಚಿತ್ರಗಳಲ್ಲಿ ಮುಖ್ಯರಾದವರನ್ನು ದೊಡ್ಡದಾಗಿ ಬರೆಯುತ್ತಾರೆ ಅಂತ ನೀನೇ ಹೇಳಿದ್ದೆ, ಅಜ್ಜ" ಎಂದನು. ಅಲ್ಲದೆ ಆ ಅಳತೆಯನ್ನೇ ಹಿಡಿದರೆ, ಪೇಟೆಯಿಂದ ಸಾವಿರ ಅಡಿಗೆ ಮಿಕ್ಕು ಎದ್ದಿರುವ ನಮ್ಮ ಏಕಶಿಲೆಯ ಬೆಟ್ಟವನ್ನು ಅರುವತ್ತನೆಯ ಒಂದರಷ್ಟು ಮಾಡಿದರೂ ಹದಿನೇಳು ಅಡಿಯಾಗಿ ಮನೆಯ ಸೂರನ್ನು ಕಿತ್ತುಹಾಕುತ್ತಿತ್ತು.

ಆಟಕ್ಕೆ ಹೊಸ ನಿಯಮವೊಂದನ್ನು ಮನೆಯವರೇ ವಿಧಿಸಿದರು: ಶೆಟ್ಟರ ಅಂಗಡಿಯ ಮೇಲೆ ಬಿದ್ದ ದಂಡು, ಕೋಟೆಯನ್ನು ಗೆದ್ದಿದ್ದರೂ, ಸೋತಂತೆಯೇ. ವಿಜಯದಶಮಿಯ ಸಂಜೆ ಬನ್ನಿಯನ್ನು ಹಂಚಿದ ಮೇಲೆ ಕಾಳಗವು ನಡೆಯಿತು. ಮರಾಠರು ದುರ್ಗವನ್ನು ಹತ್ತಿದರು, ವೀರಮ್ಮಾಜಿಯು ಹೊರಬಂದಳು. ಕಡೆಯ ದಾಳದಲ್ಲಿ ಹುಡುಗನು ಹಿಂಜರಿದು, ಹತ್ತಿರದ ದಾರಿಯನ್ನು ಬಿಟ್ಟು, ಅಂಗಡಿಯನ್ನು ಬಳಸಿಕೊಂಡು ತನ್ನ ದಂಡನ್ನು ನಡೆಯಿಸಿದನು. ಅದರಿಂದ ಅವನಿಗೆ ಎರಡು ಸರದಿಗಳು ನಷ್ಟವಾದವು.

ಈಗ ಗೊಂಬೆಗಳು ಹತ್ತಿಯಲ್ಲಿ ಸುತ್ತಿಕೊಂಡು ಅಟ್ಟವನ್ನು ಸೇರಿವೆ. ಇಪ್ಪತ್ನಾಲ್ಕರಲ್ಲಿ ಒಬ್ಬನ ಕಂಬಳಿಯ ಅಂಚಿನಲ್ಲಿ ಹುಲಿಪಟ್ಟೆಯ ಚೂರೊಂದು ಇಣುಕುತ್ತದೆ. ಅದನ್ನು ಮುಚ್ಚಬೇಡವೆಂದು ನಾವೇ ಹುಡುಗನಿಗೆ ಹೇಳಿದ್ದೇವೆ. ಬರುವ ವರ್ಷ ಪೆಟ್ಟಿಗೆಯನ್ನು ತೆರೆದಾಗ, ನೋಡಿ ಹೇಳಬೇಕೆಂಬುದು ನಮ್ಮ ನೆನಪಿಗೆ ಬರಲಿ.