ಅಟ್ಟದ ಟ್ರಂಕು ನೆನೆಯುವ ಮುನ್ನ



ಹಲಸೂರಿನ ಹಳೆಯ ಮನೆಯೊಂದರಲ್ಲಿ ನಾವು ಬಾಡಿಗೆಗಿದ್ದೇವೆ. ಕಳೆದ ಮಳೆಗಾಲದ ಒಂದು ರಾತ್ರಿ ಮಾಳಿಗೆ ಸೋರಿ, ಅಟ್ಟದ ಮೇಲಿದ್ದ ಟ್ರಂಕಿಗೆ ನೀರಿಳಿಯಿತು. ಬೆಳಿಗ್ಗೆ ತೆಗೆದು ನೋಡಿದರೆ ಅಮ್ಮನ ಧಾರೆ ಸೀರೆ ಬಣ್ಣ ಬಿಟ್ಟಿತ್ತು, ನನ್ನ ಅಂಕಪಟ್ಟಿಗಳು ಅಂಟಿಕೊಂಡು ಮುದ್ದೆಯಾಗಿದ್ದವು. ಅಜ್ಜಿಯದೆಂದು ನಮ್ಮಲ್ಲಿದ್ದ ಒಂದೇ ಫೋಟೊದಲ್ಲಿ ಮುಖವೇ ಅಳಿಸಿಹೋಗಿದೆ.

ನಮ್ಮದೂ ಸೇರಿದಂತೆ ಬೆಂಗಳೂರಿನ ದಂಡು (ಕಂಟೋನ್ಮೆಂಟ್) ಪ್ರದೇಶದ ಹಳೆಯ ಮನೆಗಳಲ್ಲಿ ಇನ್ನೂ ಮದ್ರಾಸ್ ತಾರಸಿಗಳಿವೆ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಜಲ್ಲಿ, ಸುಣ್ಣದ ಗಾರೆ ಹಾಕಿ ಬಡಿದು ಮಾಡಿದ ಮಾಳಿಗೆ ಅದು. ಸರಿಯಾಗಿ ನೋಡಿಕೊಂಡರೆ ತಲೆಮಾರುಗಟ್ಟಲೆ ಬಾಳುತ್ತದೆ. ಆದರೆ ಬಿರುಕು ಬಿಟ್ಟ ಕಡೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾರದೆ ತೊಲೆಗಳು ಕೊಳೆಯತೊಡಗುತ್ತವೆ. ನಮ್ಮಲ್ಲಿ ಆದದ್ದೂ ಇದೇ. ಸಾಲದ್ದಕ್ಕೆ ಮಳೆನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಮಾಲೀಕರಿಗೆ ಮೂರು ಸಲ ಹೇಳಿದ್ದೆ, ‘ಮಳೆ ನಿಲ್ಲಲಿ’ ಎಂದರು.

2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗ ಮುಳುಗಿದಾಗಿನಿಂದ ಮಳೆ ಎಂದರೆ ರಸ್ತೆ, ರಾಜಕಾಲುವೆಗಳ ಮಾತೇ ಆಗಿದೆ. ಸೂರಿನ ಮಾತು ಆಡುವವರು ಕಡಿಮೆ. ಪಾಲಿಕೆಯವರು ಏಪ್ರಿಲ್ ಒಳಗೆ ಹಳೆಯ ಮಾಳಿಗೆಗಳ ತಪಾಸಣೆ ಮಾಡಿಸಲಿ. ಸುಣ್ಣದ ಗಾರೆ ಕೆಲಸ ಬಲ್ಲ ಮೇಸ್ತ್ರಿಗಳ ಪಟ್ಟಿಯನ್ನು ವಾರ್ಡ್ ಕಚೇರಿಗಳಲ್ಲಿ ಇಡಲಿ. ಮಾಲೀಕರು ಬಾಡಿಗೆದಾರರ ಮಾತನ್ನು ಮಳೆಗೆ ಮುಂಚೆಯೇ ಕೇಳಲಿ. ಓದುಗರೂ ಇಂದೇ ಅಟ್ಟ ಹತ್ತಿ ನೋಡಿ, ಮನೆಪತ್ರ, ಅಂಕಪಟ್ಟಿ, ಫೋಟೊಗಳನ್ನು ದಯವಿಟ್ಟು ಕೆಳಗಿಳಿಸಿ.

– ನೊಂದ ಬಾಡಿಗೆದಾರ, ಹಲಸೂರು, ಬೆಂಗಳೂರು